ಪಡಸಾಲೆಯ ಸಾರಥಿ: ಶಕ್ತಿಮಾನ್, ಡಿಂಗ ಮತ್ತು ನಮ್ಮ ಹಳಹಳಿಕೆ

ಧಾರವಾಡ ಜಿಲ್ಲೆಯನ್ನು ಒಡೆದು ಹಾವೇರಿ ಜಿಲ್ಲೆ ಮಾಡಿದ್ದು 1997ರ ಆಗಸ್ಟ್ 24ರಂದು. ಅದಾಗಿ ಮೂರು ವಾರಕ್ಕೆ, ಸೆಪ್ಟೆಂಬರ್ 13ರಂದು, ದೂರದರ್ಶನದಲ್ಲಿ 'ಶಕ್ತಿಮಾನ್' ಶುರುವಾಯಿತು. ನಾನು ಹುಟ್ಟಿದ್ದೂ ಅದೇ ವರ್ಷ. ಮೊದಲನೆಯ ಸಂಗತಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಲ್ಲಿದೆ. ಎರಡನೆಯದು ಅಂತರ್ಜಾಲದಲ್ಲಿ ಹುಡುಕಿದರೆ ಸಿಗುತ್ತದೆ. ಆದರೆ ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯ ಪಡಸಾಲೆಯಲ್ಲಿ ಹಿಂದಿ ಬಾರದ ಇಪ್ಪತ್ತು ಇಪ್ಪತ್ತೈದು ಜನ ಕೂತು ಆ ಧಾರಾವಾಹಿಯನ್ನು ಹೇಗೆ ನೋಡಿದರು, ಏನೆಂದು ತಿಳಿದುಕೊಂಡರು ಎಂಬುದು ಎಲ್ಲೂ ಬರೆದಿಟ್ಟಿಲ್ಲ. ಇತಿಹಾಸದ ವಿದ್ಯಾರ್ಥಿಯಾದ ನನ್ನನ್ನು ಈಚೆಗೆ ಕಾಡುತ್ತಿರುವುದು ಈ ಮೂರನೆಯ ಸಂಗತಿ.

ಕಾಡಲು ಕಾರಣವಿದೆ. ನಮ್ಮ ಬಾಲ್ಯದ ಮಹಾವೀರರೆಲ್ಲ ಒಬ್ಬೊಬ್ಬರಾಗಿ ಮರಳಿ ಬರುತ್ತಿದ್ದಾರೆ. 'ಬೆನ್ 10' 2016ರಲ್ಲಿ ಹೊಸದಾಗಿ ಹುಟ್ಟಿ ಬಂದ. ತೊಂಬತ್ತರ ದಶಕದ 'ಎಕ್ಸ್-ಮೆನ್' ಕಾರ್ಟೂನು ನಿಲ್ಲಿಸಿದ ಕಡೆಯಿಂದಲೇ ಕತೆ ಎತ್ತಿಕೊಂಡು 2024ರಲ್ಲಿ 'ಎಕ್ಸ್-ಮೆನ್ 97' ಬಂತು. ಶಕ್ತಿಮಾನ್ 2011ರಲ್ಲಿ ಕಾರ್ಟೂನಾದ, 2020ರ ಲಾಕ್‌ಡೌನಿನಲ್ಲಿ ದೂರದರ್ಶನಕ್ಕೆ ಮರಳಿದ, 2022ರಲ್ಲಿ ಅವನ ಮೇಲೆ ದೊಡ್ಡ ಸಿನಿಮಾ ಮಾಡುವುದಾಗಿ ಸೋನಿ ಕಂಪನಿ ಪ್ರಕಟಿಸಿತು. ಪ್ರತಿ ಸಲ ಇಂಥ ಸುದ್ದಿ ಬಂದಾಗಲೂ ನನ್ನ ಓರಗೆಯವರ ಮೊಬೈಲುಗಳಲ್ಲಿ ಒಂದೇ ಮಾತು: ನಮ್ಮ ಬಾಲ್ಯ ವಾಪಸ್ ಬಂತು. ಆಗೆಲ್ಲ ನನಗೆ ಒಂದು ಪ್ರಶ್ನೆ ಏಳುತ್ತದೆ. ವಾಪಸ್ ಬಂದದ್ದು ಯಾರ ಬಾಲ್ಯ? ಅದು ಯಾವ ಭಾಷೆಯಲ್ಲಿತ್ತು?

ಇಂಗ್ಲಿಷಿನ 'ನಾಸ್ಟಾಲ್ಜಿಯಾ' ಎಂಬ ಪದ ಹುಟ್ಟಿದ್ದು ಕವಿಯ ಬಾಯಲ್ಲಲ್ಲ. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ತನ್ನ ಪ್ರಬಂಧಕ್ಕಾಗಿ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಅದನ್ನು ಕಟ್ಟಿದ. ಮನೆಗೆ ಮರಳುವುದು ಒಂದು ಪದ, ನೋವು ಇನ್ನೊಂದು. ಊರು ಬಿಟ್ಟು ದೂರ ಇರುವವರಿಗೆ ಬರುವ ಕಾಯಿಲೆ ಅದು ಎಂದು ಅವನ ತೀರ್ಮಾನ. ಮದ್ದು, ಊರಿಗೆ ಕಳಿಸುವುದು. ಕನ್ನಡದಲ್ಲಿ ನಾವು ಹಳಹಳಿಕೆ ಎನ್ನುತ್ತೇವೆ. ಹಳಹಳಿಕೆಯಲ್ಲಿ ಊರಿನ ಮಾತಿಲ್ಲ, ಕಳೆದುಕೊಂಡದ್ದರ ಬಗ್ಗೆ ಒಳಗೇ ಮರುಗುವುದಿದೆ. ಹೋಫರನ ರೋಗಿಗೆ ಹೋಗಲು ಊರಾದರೂ ಇತ್ತು. ನಮಗೆ ಎಲ್ಲಿಗೆ ಹೋಗಬೇಕು ಎಂಬುದೇ ಸರಿಯಾಗಿ ಗೊತ್ತಿಲ್ಲ. ಅದಕ್ಕೇ ಮೊದಲು ಆ ಪಡಸಾಲೆಗೆ ಹೋಗೋಣ.

ನಮ್ಮ ಓಣಿಯಲ್ಲಿ ಟಿವಿ ಇದ್ದದ್ದು ಎರಡು ಮನೆಯಲ್ಲಿ. ಅದರಲ್ಲಿ ಒಂದು ಮನೆಯವರು ಭಾನುವಾರ ಮಧ್ಯಾಹ್ನ ಬಾಗಿಲು ತೆಗೆದೇ ಇಡುತ್ತಿದ್ದರು. ಸುಗ್ಗಿಯ ದಿನಗಳಲ್ಲಿ ಅವರ ಅಂಗಳದ ತುಂಬ ಮೆಣಸಿನಕಾಯಿ. ಸೋಮವಾರದ ಬ್ಯಾಡಗಿ ಮಾರುಕಟ್ಟೆಗೆ ಭಾನುವಾರವೇ ಚೀಲ ತುಂಬಬೇಕು. ಹೊರಗೆ ಚೀಲ ತುಂಬುವವರ ಸೀನು, ಒಳಗೆ ನಮ್ಮ ಸೀನು, ನಡುವೆ ಶಕ್ತಿಮಾನ್ ಗರಗರ ತಿರುಗುತ್ತಿದ್ದ. ಕರೆಂಟು ಹೋದರೆ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತರುವಷ್ಟು ಧೈರ್ಯ ಆ ಮನೆಯ ದೊಡ್ಡ ಹುಡುಗನಿಗೆ ಮಾತ್ರ ಇತ್ತು. ಮುಖೇಶ್ ಖನ್ನಾ ಮಾಡಿದ ಆ ಪಾತ್ರ ಕಾರ್ಟೂನಲ್ಲ, ಮನುಷ್ಯರೇ ಅಭಿನಯಿಸಿದ ಧಾರಾವಾಹಿ. ನಮಗೆ ಆ ಭೇದವಿರಲಿಲ್ಲ. ಹಾರಾಡುವವರು ಬಂದರೆ ಎಲ್ಲವೂ ಕಾರ್ಟೂನೇ.

ತೊಂದರೆ ಇದ್ದದ್ದು ಮಾತಿನಲ್ಲಿ. ಶಕ್ತಿಮಾನ್ ಹಿಂದಿ ಆಡುತ್ತಿದ್ದ. ಅವನ ಮರೆವೇಷವಾದ ಪತ್ರಕರ್ತ ಗಂಗಾಧರ ಇನ್ನೂ ಕಠಿಣವಾದ, ಸಂಸ್ಕೃತ ತುಂಬಿದ ಹಿಂದಿ ಆಡುತ್ತಿದ್ದ. ಅಲ್ಲಿ ಕೂತವರಲ್ಲಿ ಶಾಲೆಯಲ್ಲಿ ಹಿಂದಿ ಓದುತ್ತಿದ್ದವಳು ನನ್ನ ಅಕ್ಕ ಒಬ್ಬಳೇ. ಅವಳು ಆಗ ಏಳನೇ ಇಯತ್ತೆ. ನಮ್ಮ ಆಯಿ ಗೋಡೆಗೆ ಒರಗಿ ಕೂತು ಕೇಳುವಳು:

"ಏನಂತಾನವಾ ಅಂವಾ?"

"ಕತ್ತಲಿನೇ ಇರ್ಬೇಕಂತ ಆಯಿ. ಬೆಳಕ ಬ್ಯಾಡಂತ."

"ಹುಚ್ಚ ಅದಾನ. ಬೆಳಕಿಲ್ದ ಹೊಲಾ ಹೆಂಗ ಬೆಳೀತೈತಿ? ಇಂವಾ ಯಾಕ ಹಂಗ ಗಿರಕಿ ಹೊಡೀತಾನ?"

"ವೇಷ ಹಾಕ್ಕೊಂಡು ಬರಾಕ."

"ಹಂಗನ್ನು. ದೊಡ್ಡಾಟದಾಗ ಕುಣಕೋಂತ ಬರ್ತಾರಲ್ಲ, ಹಂಗ."

ಅಕ್ಕನಿಗೆ ತಿಳಿದದ್ದು ಅರ್ಧ. ಉಳಿದರ್ಧವನ್ನು ಅವಳೇ ಕಟ್ಟುತ್ತಿದ್ದಳು. ಗಂಗಾಧರನ ಮಾತು ತಿಳಿಯದೆ ಹೋದಾಗ ಅವನ ಬಾಯಲ್ಲಿ ನಮ್ಮ ಶಾಲೆಯ ಮಾಸ್ತರರ ಬೈಗುಳಗಳನ್ನು ಆಡಿಸುತ್ತಿದ್ದಳು. ಖಳನಾಯಕ ಕಿಲ್ವಿಷ್‌ನ ಹೆಸರು ಆಯಿಯ ಬಾಯಲ್ಲಿ 'ಕಿಲಬಿಸಿ' ಆಯಿತು. ಎಷ್ಟೋ ವರ್ಷದ ಮೇಲೆ ನಿಘಂಟು ತಿರುವುವಾಗ 'ಕಿಲ್ಬಿಷ' ಎಂಬ ಪದ ಕಣ್ಣಿಗೆ ಬಿತ್ತು. ಅರ್ಥ: ಪಾಪ. ಸಂಸ್ಕೃತದಿಂದ ಕನ್ನಡಕ್ಕೆ ಎಂದೋ ಬಂದ ಪದ. ಆಯಿಗೆ ನಿಘಂಟು ಗೊತ್ತಿರಲಿಲ್ಲ, ಆದರೂ ಅವಳು ಆ ಹೆಸರನ್ನು ಮುಂಬಯಿಯ ಹಿಂದಿಗಿಂತ ಕನ್ನಡಕ್ಕೇ ಹತ್ತಿರ ತಂದು ಕೂರಿಸಿದ್ದಳು.

ದೊಡ್ಡಾಟ ನೋಡಿದವರಿಗೆ ಸಾರಥಿ ಗೊತ್ತು. ಪಾತ್ರವೊಂದು ರಂಗಕ್ಕೆ ಬಂದ ಕೂಡಲೇ ಅದನ್ನು ತಡೆದು, ನೀವು ಯಾರು, ಎಲ್ಲಿಂದ ಬಂದಿರಿ ಎಂದು ಕೇಳುವವನು ಅವನು. ರಾಜನ ಗ್ರಾಂಥಿಕ ಮಾತಿಗೂ ಕಟ್ಟೆಯ ಮೇಲೆ ಕೂತ ಜನರ ಆಡುಮಾತಿಗೂ ನಡುವೆ ನಿಂತು ಎರಡನ್ನೂ ಕೂಡಿಸುತ್ತಾನೆ, ನಡುನಡುವೆ ನಗಿಸುತ್ತಾನೆ. ನನ್ನ ಅಕ್ಕ ಮಾಡುತ್ತಿದ್ದದ್ದು ಇದನ್ನೇ. ಅವಳಿಗೂ ನಮಗೂ ಅದು ಹೊಸ ಕೆಲಸವಾಗಿ ಕಾಣಲಿಲ್ಲ, ಯಾಕೆಂದರೆ ನಮ್ಮ ಸೀಮೆಯಲ್ಲಿ ಆಟ ನೋಡುವ ರೀತಿಯೇ ಅದು.

ಸಾರಥಿಯ ಅಗತ್ಯ ಯಾಕೆ ಬಿತ್ತು ಎಂಬುದಕ್ಕೆ ಬೆಂಗಳೂರು ಮದ್ರಾಸುಗಳ ಇತಿಹಾಸಕ್ಕೆ ಹೋಗಬೇಕು. 1960ರ ದಶಕದ ಮೊದಲಲ್ಲಿ ಪರಭಾಷೆಯ ಚಿತ್ರಗಳಿಗೆ ಕನ್ನಡದ ಧ್ವನಿ ಸೇರಿಸಿ ಬಿಡುಗಡೆ ಮಾಡುವುದರ ವಿರುದ್ಧ ದೊಡ್ಡ ಚಳವಳಿ ನಡೆಯಿತು. ಅ.ನ.ಕೃ., ಮ. ರಾಮಮೂರ್ತಿಯವರಂಥ ಕನ್ನಡ ಹೋರಾಟಗಾರರು ಮುಂದೆ ನಿಂತರು, ಡಾ. ರಾಜಕುಮಾರ್ ಮತ್ತು ಜಿ.ವಿ. ಅಯ್ಯರ್ ಅವರಂಥ ಚಿತ್ರರಂಗದವರು ಜೊತೆಗೂಡಿದರು. ಆಗ ಕನ್ನಡ ಚಿತ್ರಗಳು ಕಡಿಮೆ, ಬಹಳಷ್ಟು ತಯಾರಾಗುತ್ತಿದ್ದದ್ದು ಮದ್ರಾಸಿನ ಸ್ಟುಡಿಯೋಗಳಲ್ಲಿ. ಕಡಿಮೆ ಖರ್ಚಿನ ಡಬ್ಬಿಂಗ್ ಚಿತ್ರಗಳ ಎದುರು ಇಲ್ಲಿನ ಕಲಾವಿದರು ಬದುಕುವುದು ಕಷ್ಟವಿತ್ತು. ಆ ಹೊತ್ತಿನ ಹೋರಾಟಕ್ಕೆ ಆ ಹೊತ್ತಿನ ನ್ಯಾಯವಿತ್ತು. ಆದರೆ ಅದು ಕಾನೂನಾಗಿ ಎಂದೂ ಬರಲಿಲ್ಲ, ಚಿತ್ರೋದ್ಯಮದ ಕಟ್ಟಳೆಯಾಗಿ ಐವತ್ತು ವರ್ಷ ಉಳಿಯಿತು, ಮುಂದೆ ಟಿವಿಗೂ ಹಬ್ಬಿತು. 2012ರಲ್ಲಿ ಆಮೀರ್ ಖಾನರ 'ಸತ್ಯಮೇವ ಜಯತೇ' ಹಲವು ಭಾಷೆಗಳಲ್ಲಿ ಬಂದಾಗಲೂ ಕನ್ನಡದಲ್ಲಿ ಬರಲಿಲ್ಲ. ಅದೇ ವರ್ಷ ಕನ್ನಡ ಗ್ರಾಹಕರ ಕೂಟ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. 2015ರಲ್ಲಿ ಆಯೋಗ, ಡಬ್ಬಿಂಗ್ ತಡೆಯುವುದು ತಪ್ಪೆಂದು ಹೇಳಿ ವಾಣಿಜ್ಯ ಮಂಡಳಿ ಮೊದಲಾದ ಸಂಸ್ಥೆಗಳಿಗೆ ದಂಡ ಹಾಕಿತು. 2017ರಲ್ಲಿ ಅಜಿತ್ ಅವರ ತಮಿಳು ಚಿತ್ರವೊಂದು 'ಸತ್ಯದೇವ್ ಐಪಿಎಸ್' ಎಂಬ ಹೆಸರಲ್ಲಿ ಕನ್ನಡ ಮಾತಾಡಿತು.

ಈ ಐವತ್ತು ವರ್ಷದ ವಾದದಲ್ಲಿ ಮುಂದೆ ಇದ್ದದ್ದು ದೊಡ್ಡವರ ಸಿನಿಮಾ, ದೊಡ್ಡವರ ಧಾರಾವಾಹಿ. ಮಕ್ಕಳ ಮಾತು ಬಂದದ್ದು ಅಪರೂಪ. ಅದರ ಫಲವನ್ನು ಮಾತ್ರ ಮಕ್ಕಳು ಉಂಡರು. 1995ರಲ್ಲಿ ಭಾರತಕ್ಕೆ ಬಂದ ಕಾರ್ಟೂನ್ ನೆಟ್‌ವರ್ಕ್ ಹಾವೇರಿಯಂಥ ಊರುಗಳ ಕೇಬಲ್ಲಿಗೆ ಇಳಿಯುವಾಗ ಹಿಂದಿಯಲ್ಲಿತ್ತು. ಶಾಲೆ ಕಲಿಯಲು ನಾನು ಹಾವೇರಿಯ ಅತ್ತೆಯ ಮನೆಗೆ ಬಂದಾಗ ಅಲ್ಲಿನ ಹುಡುಗರು ಬೆನ್ 10ನ ಹಿಂದಿಯನ್ನು ಬೀದಿಯಲ್ಲಿ ಆಡುತ್ತಿದ್ದರು. ಹಿಂದಿ ಪರೀಕ್ಷೆಯಲ್ಲಿ ನಪಾಸಾಗುವವರೂ ಆ ಸಂಭಾಷಣೆಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದರು. ಸನ್ ಬಳಗದ ಚಿಂಟು ಟಿವಿ ಬಂದು ಹೊರಗಿನ ಕಾರ್ಟೂನುಗಳು ಕನ್ನಡದಲ್ಲಿ ಕೇಳಿಸತೊಡಗಿದ್ದು 2009ರಲ್ಲಿ. ನನಗಾಗ ಹನ್ನೆರಡು. ಕನ್ನಡ ಕಾರ್ಟೂನು ನೋಡುವುದು ಸಣ್ಣವರ ಕೆಲಸ ಎಂದು ಮೂಗು ಮುರಿಯುವ ವಯಸ್ಸಿಗೆ ಸರಿಯಾಗಿ ಅದು ಬಂದಿತ್ತು. ಹೀಗಾಗಿ ನನ್ನ ಓರಗೆಯ ಅನೇಕರಿಗೆ ಟಿವಿಯ ಹಳಹಳಿಕೆ ಹಿಂದಿಯಲ್ಲಿದೆ. ಶಕ್ತಿಮಾನ್‌ನನ್ನು ನೆನೆಯುವಾಗ ನಾವು ಒಂದು ಹಿಂದಿ ವಾಕ್ಯವನ್ನು ನೆನೆಯುತ್ತೇವೆ.

ಕನ್ನಡ ಮಾತಾಡುವ ಮಹಾವೀರ ನಮಗೆ ಸಿಕ್ಕಿದ್ದು ಕಾಗದದ ಮೇಲೆ. ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ನನ್ನ ಸೋದರಮಾವ ಊರಿಗೆ ಬರುವಾಗ 'ಬಾಲಮಂಗಳ' ತರುತ್ತಿದ್ದ. ಅದರಲ್ಲಿ ಡಿಂಗ ಇದ್ದ. ಡಿಂಗ ಒಂದು ಇಲಿ. ಬೇರೆ ಗ್ರಹದವರು ಎತ್ತಿಕೊಂಡು ಹೋಗಿ ಪ್ರಯೋಗ ಮಾಡಿದ್ದರಿಂದ ಅವನಿಗೆ ಅಪಾರ ಶಕ್ತಿ ಬಂದು, ಹೆಗಲ ವಸ್ತ್ರ ಹಾರಿಸುತ್ತ ಕಾಡಿನ ಪ್ರಾಣಿಗಳನ್ನು ಕಾಯುತ್ತಿದ್ದ. ಅವನು ನಮ್ಮವನೇ ಎಂದು ನಾನು ಕಾಲೇಜು ಮುಗಿಯುವವರೆಗೂ ನಂಬಿದ್ದೆ. ಆಮೇಲೆ ಗೊತ್ತಾಯಿತು, ಅವನ ಮೂಲ ಮಲಯಾಳ. 'ಬಾಲಮಂಗಳಂ' ಪತ್ರಿಕೆಯಲ್ಲಿ 1983ರಲ್ಲಿ 'ಡಿಂಕನ್' ಆಗಿ ಹುಟ್ಟಿದವನು. ಬರೆದವರು ಎನ್. ಸೋಮಶೇಖರನ್, ಚಿತ್ರ ಬೇಬಿ ಅವರದು. ನಮ್ಮ ಏಕೈಕ ಕನ್ನಡ ಮಹಾವೀರನೂ ಅನುವಾದವೇ ಎಂದು ತಿಳಿದ ದಿನ ಕೊಂಚ ಪೆಚ್ಚಾದದ್ದು ನಿಜ.

ಮಾವನಿಗೆ ಹೇಳಿದೆ. ಅವನು ನಕ್ಕ. ಅವನ ಬಾಲ್ಯದ ವೀರ ಫ್ಯಾಂಟಮ್. 1936ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಲೀ ಫಾಕ್ ಸೃಷ್ಟಿಸಿದವನು, 1964ರಿಂದ ಇಂದ್ರಜಾಲ ಕಾಮಿಕ್ಸ್ ಮೂಲಕ ಭಾರತದ ಹಲವು ಭಾಷೆಗಳಿಗೆ ಬಂದವನು. ಮೂಲದಲ್ಲಿ ಅವನ ನಾಡಿನ ಹೆಸರು ಬಂಗಾಳವನ್ನು ನೆನಪಿಸುವಂತಿತ್ತು, ಇಲ್ಲಿ ಅದನ್ನು 'ಡೆಂಕಾಲಿ' ಎಂದು ಬದಲಿಸಿದರು. "ಎಲ್ಲಾರೂ ಎಲ್ಲಿಂದರ ಬಂದವರನೋ. ಬಂದ ಮ್ಯಾಲ ಯಾರ ಮನ್ಯಾಗ ಉಂಡ್ರು ಅನ್ನೋದು ನೋಡ್ಬೇಕು" ಎಂದ ಮಾವ. ನನ್ನ ಸಂಶೋಧನೆಯ ಎಷ್ಟೋ ಟಿಪ್ಪಣಿಗಳಿಗಿಂತ ಈ ಮಾತು ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ.

ಆದರೆ ಹಳಹಳಿಕೆ ಎಲ್ಲವನ್ನೂ ಸಿಹಿ ಮಾಡಿಬಿಡುತ್ತದೆ. ಇತಿಹಾಸ ಹಾಗೆ ಮಾಡಬಾರದು. 1998–99ರ ಸುಮಾರಿಗೆ ದೇಶದ ಬೇರೆ ಬೇರೆ ಕಡೆಯಿಂದ, ಶಕ್ತಿಮಾನ್ ಬಂದು ಕಾಪಾಡುತ್ತಾನೆಂದು ನಂಬಿದ ಮಕ್ಕಳು ಎತ್ತರದಿಂದ ಜಿಗಿದರು, ಬೆಂಕಿ ಹಚ್ಚಿಕೊಂಡರು ಎಂಬ ವರದಿಗಳು ಪತ್ರಿಕೆಗಳಲ್ಲಿ ಬಂದವು. ಎಲ್ಲಕ್ಕೂ ಧಾರಾವಾಹಿಯೇ ಕಾರಣವೇ ಎಂಬ ಬಗ್ಗೆ ವಾದಗಳಾದವು. ಮುಖೇಶ್ ಖನ್ನಾ ತೆರೆಯ ಮೇಲೆ ಬಂದು ಮಕ್ಕಳಿಗೆ ಹಾಗೆ ಮಾಡಬೇಡಿ ಎಂದು ಹೇಳಬೇಕಾಯಿತು. ಕಂತಿನ ಕೊನೆಗೆ ಬುದ್ಧಿಮಾತಿನ ಭಾಗವೂ ಇರುತ್ತಿತ್ತು. ಆದರೆ ಆ ಬುದ್ಧಿಮಾತೂ ಹಿಂದಿಯಲ್ಲೇ. ಕತೆ ಮುಗಿಯಿತೆಂದು ನಾವು ಆ ಹೊತ್ತಿಗೆ ಅಂಗಳಕ್ಕೆ ಓಡಿಬಿಟ್ಟಿರುತ್ತಿದ್ದೆವು. ಅಕ್ಕ ಅದನ್ನು ಕನ್ನಡಕ್ಕೆ ತಂದದ್ದು ನನಗೆ ನೆನಪಿಲ್ಲ.

ನನ್ನ ದೊಡ್ಡಪ್ಪನ ಮಗ ಒಂದು ಭಾನುವಾರ ಹೊದಿಕೆ ಕಟ್ಟಿಕೊಂಡು ಬಣವೆಯ ಮೇಲಿಂದ ಜಿಗಿದ. ಗಿರಕಿ ಹೊಡೆಯುತ್ತಲೇ ಜಿಗಿದ. ಮೊಣಕೈ ಮುರಿಯಿತು. ಇವತ್ತಿಗೂ ಆ ಕೈ ಪೂರ್ತಿ ಚಾಚುವುದಿಲ್ಲ, ಚೀಲ ಎತ್ತುವಾಗ ಎಡಗೈ ಭಾರ ಹೆಚ್ಚು ಹೊರುತ್ತದೆ. ಆ ದಿನ ಕೆಳಗೆ ನಿಂತು "ಜಿಗಿ ಜಿಗಿ" ಎಂದು ಕೂಗಿದವರಲ್ಲಿ ನಾನೂ ಒಬ್ಬ. ಮುಂದೆ ನಾಲ್ಕು ವಾರ ನಮಗೆ ಟಿವಿ ಇಲ್ಲ. ಆಯಿ ಮಾತ್ರ ಬೈಯಲಿಲ್ಲ. ಆ ವರ್ಷ ದಸರೆಗೆ ನಮ್ಮನ್ನೆಲ್ಲ ದೇವರಗುಡ್ಡಕ್ಕೆ ಕರೆದೊಯ್ದಳು.

ರಾಣೆಬೆನ್ನೂರು ತಾಲೂಕಿನ ದೇವರಗುಡ್ಡ ಮಾಲತೇಶನ ಕ್ಷೇತ್ರ. ದಸರೆಯ ಕಾರಣಿಕಕ್ಕೆ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಏರುತ್ತಾನೆ. ಸಾವಿರಾರು ಜನ ಒಮ್ಮೆಗೇ ಸುಮ್ಮನಾಗುತ್ತಾರೆ. ಒಂದೇ ಸಾಲಿನ ನುಡಿ ನುಡಿದು ಅವನು ಮೇಲಿಂದ ಬೀಳುತ್ತಾನೆ. ಕೆಳಗೆ ನಿಂತ ಭಕ್ತರು ಅವನನ್ನು ಹಿಡಿಯುತ್ತಾರೆ. ಆ ನುಡಿಯ ಅರ್ಥವೇನು, ಮಳೆಯೋ ಬೆಳೆಯೋ ರಾಜಕೀಯವೋ ಎಂದು ಜನ ವರ್ಷವಿಡೀ ಬಿಡಿಸುತ್ತಾರೆ. ಆಯಿ ನಮ್ಮ ತಲೆ ತಿರುಗಿಸಿ ಕೆಳಗೆ ನಿಂತವರನ್ನು ತೋರಿಸಿದಳು: "ಮ್ಯಾಲ ಏರಿದಂವನ್ನ ಎಲ್ಲಾರೂ ನೋಡ್ತಾರ. ನೀವು ಕೆಳಗ ಹಿಡಿಯಾಕ ನಿಂತವ್ರನ್ನ ನೋಡ್ರಿ."

ಬಿಲ್ಲೇರುವುದಕ್ಕೂ ಬಣವೆ ಏರುವುದಕ್ಕೂ ಸಂಬಂಧ ಕಟ್ಟುವುದು ಸಂಶೋಧಕನ ಚಟ ಎನ್ನಬಹುದು. ಆದರೂ ಒಂದು ಮಾತು ಹೇಳಬೇಕು. ಗೊರವಯ್ಯನ ಆಚರಣೆಯಲ್ಲಿ ಬೀಳುವುದನ್ನೂ ಹಿಡಿಯುವುದನ್ನೂ ಸಮುದಾಯ ಒಟ್ಟಿಗೇ ಕಲಿತಿತ್ತು. ಟಿವಿಯ ವೀರ ಹಾರುವುದನ್ನಷ್ಟೇ ಕಳಿಸಿದ. ಹಿಡಿಯುವ ಏರ್ಪಾಡು ಆಯಾ ಊರಿನವರೇ ಮಾಡಿಕೊಳ್ಳಬೇಕಾಗಿತ್ತು. ಅಕ್ಕನ ಕನ್ನಡ ಅಂಥ ಒಂದು ಏರ್ಪಾಡು. ಆಯಿಯ ದೇವರಗುಡ್ಡದ ಪಾಠ ಇನ್ನೊಂದು. ಎಲ್ಲ ಓಣಿಗಳಲ್ಲೂ ಅಂಥವರಿರಲಿಲ್ಲ. ನಮ್ಮಲ್ಲಿಯೂ ಒಂದು ಕೈ ಮುರಿದ ಮೇಲೆಯೇ ಪಾಠ ಶುರುವಾಯಿತು.

ಈಗಿನ ಮರುಹುಟ್ಟುಗಳಿಗೆ ಬರೋಣ. ಒಬ್ಬ ವೀರ ಮರಳಿ ಬರಬೇಕಾದರೆ ಅವನ ಹಕ್ಕು ಯಾರದಾದರೂ ಕೈಯಲ್ಲಿರಬೇಕು, ಹಳೆಯ ಟೇಪುಗಳು ಉಳಿದಿರಬೇಕು, ಅವನನ್ನು ನೋಡಿ ಬೆಳೆದವರು ದುಡಿದು ಖರ್ಚು ಮಾಡುವ ವಯಸ್ಸಿಗೆ ಬಂದಿರಬೇಕು. ಶಕ್ತಿಮಾನ್‌ಗೆ ಈ ಮೂರೂ ಇದ್ದವು. ಡಿಂಕನ್‌ಗೆ ಇನ್ನೊಂದು ದಾರಿ ಸಿಕ್ಕಿತು. ಮಲಯಾಳದ 'ಬಾಲಮಂಗಳಂ' 2012ರಲ್ಲಿ ನಿಂತಿತು, ಆದರೆ ಅದನ್ನು ಓದಿ ಬೆಳೆದ ತರುಣರು ಡಿಂಕನ್‌ನನ್ನು ದೇವರೆಂದು ಸಾರಿ 'ಡಿಂಕೋಯಿಸಂ' ಎಂಬ ಅಣಕದ ಮತವನ್ನೇ ಕಟ್ಟಿದರು. 2016ರಲ್ಲಿ ಅವನ ಹೆಸರಿನ ಸಿನಿಮಾ ಪ್ರಕಟವಾದಾಗ, ನಮ್ಮ ಭಾವನೆಗೆ ಧಕ್ಕೆಯಾಯಿತೆಂದು ಅಣಕದ ಪ್ರತಿಭಟನೆಯನ್ನೂ ಮಾಡಿದರು. ಕಂಪನಿಯ ಹಂಗಿಲ್ಲದೆ ಓದುಗರೇ ಒಬ್ಬ ವೀರನನ್ನು ಎಬ್ಬಿಸಿದ್ದು ಹೀಗೆ. ಕನ್ನಡದ ಡಿಂಗನಿಗೆ ಎರಡೂ ಆಗಲಿಲ್ಲ. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಪುಸ್ತಕ ಮಳಿಗೆಗಳಲ್ಲಿ ಮೂರು ದಿನ ಹಳೆಯ 'ಬಾಲಮಂಗಳ' ಕೇಳುತ್ತ ಅಲೆದೆ. ಒಂದು ಸಂಚಿಕೆಯೂ ಸಿಗಲಿಲ್ಲ. ಕೇಳಿದಾಗಲೆಲ್ಲ ಮಳಿಗೆಯವರ ಮುಖ ಮಾತ್ರ ಅರಳಿತು. "ಡಿಂಗ ಅಲ್ರೀ? ನಾವೂ ಓದೇವ್ರಿ" ಎಂದು ಕತೆ ಹೇಳತೊಡಗಿದರು. ಪುಸ್ತಕ ಇಲ್ಲ, ಓದಿದವರು ಇದ್ದಾರೆ. ನಮ್ಮಂಥವರು ಆಕರವೆಂದು ಹುಡುಕಬೇಕಾದದ್ದು ಈಗ ಅವರನ್ನು.

2020ರ ಏಪ್ರಿಲಿನಲ್ಲಿ ಶಕ್ತಿಮಾನ್ ಮರುಪ್ರಸಾರವಾದಾಗ ನಾನು ಎಂ.ಎ. ಮುಗಿಯದೆ ಊರಿನಲ್ಲಿ ಸಿಕ್ಕಿಕೊಂಡಿದ್ದೆ. ಆಯಿ ಇರಲಿಲ್ಲ. ಬಾಗಿಲು ತೆಗೆದಿಡುತ್ತಿದ್ದ ಆ ಮನೆಯೂ ಸೋಂಕಿನ ಭಯಕ್ಕೆ ಮುಚ್ಚಿತ್ತು. ಒಬ್ಬನೇ ಕೂತು ನೋಡಿದೆ. ಹಿಂದಿ ಈಗ ಪೂರ್ತಿ ತಿಳಿಯುತ್ತಿತ್ತು. ಅಕ್ಕ ಹೇಳಿದ ಕತೆಯ ಎಷ್ಟೋ ಭಾಗ ಆ ಧಾರಾವಾಹಿಯಲ್ಲಿ ಇರಲೇ ಇಲ್ಲ ಎಂದೂ ತಿಳಿಯಿತು. ಎರಡು ಕಂತಿನ ಮೇಲೆ ನೋಡಲಾಗಲಿಲ್ಲ. ನಾನು ಹುಡುಕುತ್ತಿದ್ದದ್ದು ಅಲ್ಲಿರಲಿಲ್ಲ, ಅಕ್ಕನ ಬಾಯಲ್ಲಿತ್ತು. ಅದೇ ಬೇಸಿಗೆಯ ಬೆನ್ನಿಗೆ ಡಬ್ಬಿಂಗಾದ ಮಹಾಭಾರತ, 'ಮಹಾನಾಯಕ ಡಾ. ಬಿ.ಆರ್. ಅಂಬೇಡ್ಕರ್' ಧಾರಾವಾಹಿಗಳು ಕನ್ನಡದಲ್ಲಿ ಬಂದವು. 'ಮಹಾನಾಯಕ'ನಿಗಾಗಿ ಎಷ್ಟೋ ಊರುಗಳ ಜನ ತಾವೇ ದುಡ್ಡು ಹಾಕಿ ಫ್ಲೆಕ್ಸ್ ಕಟ್ಟಿದರು. ತಮ್ಮ ಮಾತಿನಲ್ಲಿ ಕೇಳುವುದಕ್ಕೆ ಜನ ಎಷ್ಟು ಕಾದಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ಸಾರಥಿಯ ಕೆಲಸ ಮುಗಿಯಿತೇ? 2023ರ ಜೂನಿನಲ್ಲಿ 'ಸ್ಪೈಡರ್-ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್' ಭಾರತದಲ್ಲಿ ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ಬಂತು. ಪವಿತ್ರ್ ಪ್ರಭಾಕರ್ ಎಂಬ ಭಾರತದ ಜೇಡಮಾನವನೂ ಅದರಲ್ಲಿದ್ದಾನೆ. ರಜೆಗೆ ಬಂದಿದ್ದ ಅಕ್ಕನ ಮಗ, ಒಂಬತ್ತು ವರ್ಷದವನು, ಮೊಬೈಲಿನಲ್ಲಿ ಅದರ ಕನ್ನಡ ಟ್ರೇಲರ್ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದ. ಪಕ್ಕದಲ್ಲಿ ನಮ್ಮ ಅವ್ವ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಮಾತು ಕನ್ನಡವೇ, ಆದರೆ ಬೆಂಗಳೂರಿನ ಸ್ಟುಡಿಯೋದ ನಯವಾದ, ವೇಗದ ಕನ್ನಡ.

"ಏನಂತಾನೋ ಅಂವಾ?" ಎಂದಳು ಅವ್ವ.

ಹುಡುಗ ಟ್ರೇಲರ್ ನಿಲ್ಲಿಸಿದ. "ಅಮ್ಮಾ, ಅಂವಗ ಎಲ್ಲಾರನೂ ಉಳಿಸ್ಬೇಕಂತೈತಿ. ಉಳದವ್ರು ಆಗಂಗಿಲ್ಲ ಅಂತಾರ. ಒಬ್ಬರ್ನ ಉಳಿಸಿದ್ರ ಇನ್ನೊಬ್ರು ಹೋಗ್ತಾರಂತ."

"ಹಂಗಂದ್ರ ಏನ್ಮಾಡ್ತಾನ?"

"ಗೊತ್ತಿಲ್ಲ. ಪಿಚ್ಚರ್ ನೋಡ್ಬೇಕು. ನಾ ಆದ್ರ ಇಬ್ಬರನೂ ಹಿಡಿತಿದ್ದೆ."

ಕನ್ನಡದಿಂದ ಕನ್ನಡಕ್ಕೆ ಆದ ಈ ಡಬ್ಬಿಂಗನ್ನು ನಾನು ಆ ಸಂಜೆಯೇ ಬರೆದಿಟ್ಟೆ. ಮೇಲೆ ತಾರೀಖು ಹಾಕಿದೆ, ಊರಿನ ಹೆಸರು ಬರೆದೆ. ಕೆಳಗೆ ಅಕ್ಕನಿಗೆ ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಮಾಡಿದೆ: ಗಂಗಾಧರನ ಬಾಯಲ್ಲಿ ಯಾವ ಯಾವ ಬೈಗುಳ ಆಡಿಸುತ್ತಿದ್ದಿ, ಆಯಿ ಏನೇನು ಕೇಳುತ್ತಿದ್ದಳು, ಕೊನೆಯ ಬುದ್ಧಿಮಾತನ್ನು ನಮಗೆ ಯಾಕೆ ಹೇಳಲಿಲ್ಲ. ಮೊನ್ನೆ ಫೋನಿನಲ್ಲಿ ಕೊನೆಯ ಪ್ರಶ್ನೆ ಕೇಳಿದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹೇಳ್ತಿದ್ನೋ. ನೀವು ಕೇಳಾಕ ಇರ್ತಿರ್ಲಿಲ್ಲ" ಎಂದಳು.